ಕೊಳ್ಳುವ ಮುನ್ನ ಮನೆಯನ್ನು ಪರೀಕ್ಷಿಸುವ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎರಡು ಕಾರ್ಯಗಳ ಭಾರವನ್ನು ಒಂದೇ ಗಾದೆಯಲ್ಲಿ ತೂಗಿ ಹೇಳಿದ್ದಾರೆ. ಮದುವೆಯ ವಿಷಯದಲ್ಲಿ ನಮ್ಮ ಮನೆತನಗಳು ಇಂದಿಗೂ ಎಚ್ಚರ ತಪ್ಪಿಲ್ಲ. ಕನ್ಯೆಯನ್ನು ನೋಡುವ ಮೊದಲು ನಾಲ್ಕು ಊರುಗಳಲ್ಲಿ ವಿಚಾರಿಸುತ್ತೇವೆ. ವರನ ಉದ್ಯೋಗ, ನಡತೆ, ಸಾಲಸೋಲಗಳನ್ನು ಬಲ್ಲವರ ಬಾಯಿಂದ ಕೇಳಿ ತಿಳಿಯುತ್ತೇವೆ. ಆದರೆ ಕಟ್ಟಿದ ಮನೆಯೊಂದನ್ನು ಕೊಳ್ಳುವಾಗ ಈ ಎಚ್ಚರವೆಲ್ಲ ಎಲ್ಲಿ ಅಡಗುವುದೋ ತಿಳಿಯದು. ಒಂದು ಸಂಜೆ ಹೋಗಿ, ಮನೆಯವರು ಕೊಟ್ಟ ಚಹಾ ಕುಡಿದು, ಹೊಸ ಬಣ್ಣದ ಗೋಡೆಗಳನ್ನು ಮೆಚ್ಚಿ, ತಲೆಬಾಗಿಲು ಯಾವ ದಿಕ್ಕಿಗಿದೆಯೆಂದು ಕೇಳಿ ಹಿಂದಿರುಗುತ್ತೇವೆ. ಆ ಬಾಗಿಲು ಸರಿಯಾಗಿ ಮುಚ್ಚುವುದೇ ಎಂದು ನೋಡುವವರು ವಿರಳ.

ಜೀವಮಾನದ ದುಡಿಮೆಯನ್ನೆಲ್ಲ ಸುರಿದು, ಮೇಲೆ ಇಪ್ಪತ್ತು ವರುಷಗಳ ಸಾಲವನ್ನು ಹೊತ್ತು ಕೊಳ್ಳುವ ಒಂದೇ ಒಂದು ವಸ್ತುವನ್ನು ನಾವು ಇಷ್ಟು ಅಲಕ್ಷ್ಯದಿಂದ ನೋಡುವುದೇಕೆ? ಈ ಪ್ರಶ್ನೆಯನ್ನು ಪರರಿಗೆ ಹಾಕುವ ಮೊದಲು ನಾವು ನಮಗೇ ಹಾಕಿಕೊಳ್ಳಬೇಕಾಗಿ ಬಂತು. ಆ ಸಂಗತಿಯನ್ನು ವಾಚಕರ ಮುಂದೆ ಇಡದೆ ಈ ಲೇಖನವನ್ನು ಬರೆಯುವ ಅಧಿಕಾರ ನಮಗಿಲ್ಲ.

ನಮ್ಮಿಂದಾದ ತಪ್ಪು

ನಮಗೆ ಬಹುಕಾಲದಿಂದ ಆಪ್ತರಾದ ಮಾಸ್ತರರೊಬ್ಬರಿದ್ದಾರೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ೨೦೧೭ರಲ್ಲಿ ನಿವೃತ್ತರಾದರು. ಬಂದ ಇಡುಗಂಟಿನಲ್ಲಿ ಒಂದು ಮನೆಯನ್ನು ಕೊಳ್ಳಬೇಕೆಂಬುದು ಅವರ ಆಸೆ. ೨೦೧೮ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಹೊರಬಡಾವಣೆಯೊಂದರಲ್ಲಿ ಮನೆ ಗೊತ್ತಾಯಿತು. ಮಾರುವವರು ನಮಗೆ ಪರಿಚಿತರು, ಗೌರವಸ್ಥ ಮನೆತನದವರು. ಮಾಸ್ತರರು ನಮ್ಮನ್ನು ಜೊತೆಗೆ ಕರೆದೊಯ್ದರು. ಮನೆಗೆ ಹೊಸದಾಗಿ ಬಣ್ಣವಾಗಿತ್ತು. ಅಂಗಳದಲ್ಲಿ ದಾಸವಾಳ ಅರಳಿತ್ತು. ಹೊರಗೆ ಬಂದ ಮೇಲೆ ಮಾಸ್ತರರು ಸಂಕೋಚದಿಂದ ಕೇಳಿದರು:

"ಶಾಸ್ತ್ರಿಗಳ, ಮನಿ ಛಲೋ ಕಾಣಸ್ತದ. ಆದ್ರೂ ಒಬ್ಬ ಎಂಜಿನಿಯರ್‌ಗೆ ತೋರಸೂಣೇನ್ರಿ?"

ನಾವು ನಕ್ಕು ಹೇಳಿದೆವು: "ಅವರು ನಮ್ಮವರೇ ಇದ್ದಾರಲ್ರಿ ಮಾಸ್ತರ. ಅವರ ಮನಿಗೆ ಜನಾ ಕರಕೊಂಡು ಹೋಗಿ ಪರೀಕ್ಷಾ ಮಾಡಿದ್ರ ಚಲೋ ಕಾಣಸೂದಿಲ್ಲ."

ಮಾಸ್ತರರು ಮರುಮಾತಾಡಲಿಲ್ಲ. ಏಪ್ರಿಲಿನಲ್ಲಿ ಖರೀದಿಯಾಯಿತು. ಮೇ ತಿಂಗಳ ಬಿಸಿಲಿಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಗೆರೆ ಮೂಡಿತು. ಜುಲೈ ಮಳೆ ಹಿಡಿದಾಗ ಅಡುಗೆಮನೆಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಮರುವರ್ಷದ ಬೇಸಿಗೆಗೆ ಆ ಗೆರೆಯಲ್ಲಿ ಎಂಟಾಣೆಯ ನಾಣ್ಯವನ್ನು ನಿಲ್ಲಿಸಬಹುದಾಗಿತ್ತು. ಕೊನೆಗೆ ಎಂಜಿನಿಯರರನ್ನು ಕರೆಸಲಾಯಿತು. ಅವರು ಬಣ್ಣವನ್ನು ಕೆರೆದು ತೋರಿಸಿದರು. ಗಿಲಾವಿನ ಒಳಗೆ ಹಳೆಯ ಬಿರುಕುಗಳಿದ್ದವು. ಅವುಗಳಲ್ಲಿ ಪುಟ್ಟಿ ತುಂಬಿ, ನಯಮಾಡಿ, ಮೇಲೆ ಬಣ್ಣ ಹೊಡೆಯಲಾಗಿತ್ತು. ಬುಡವನ್ನು ಅಗೆಸಿ ನೋಡಿದಾಗ ಪಾಯ ಮೂರು ಅಡಿಗಿಂತ ಕೆಳಗಿಳಿದಿರಲಿಲ್ಲ. ನೆಲ ಅಪ್ಪಟ ಎರೆ. ಬಚ್ಚಲ ನೀರಿನ ಕೊಳವೆ ಗೋಡೆಯ ಪಕ್ಕದಲ್ಲೇ ಒಡೆದಿತ್ತು.

ಮಾರಿದವರನ್ನು ವಿಚಾರಿಸಿದಾಗ ಅವರು ಕೊಟ್ಟ ಉತ್ತರ ನಾಲ್ಕೇ ಮಾತಿನದು: "ನೀವು ಕೇಳಲಿಲ್ಲ, ನಾವು ಹೇಳಲಿಲ್ಲ." ದುರಸ್ತಿಗೆ ನಾಲ್ಕು ಲಕ್ಷ ರೂಪಾಯಿಗಳಿಗೂ ಹೆಚ್ಚು ಖರ್ಚು ತಗುಲಿತು. ಅದು ಮಗಳ ಮದುವೆಗೆಂದು ತೆಗೆದಿರಿಸಿದ್ದ ಹಣ. ಮದುವೆ ಒಂದೂವರೆ ವರ್ಷ ಮುಂದೆ ಹೋಯಿತು. ಮಾಸ್ತರರು ಒಂದು ದಿನವೂ ನಮ್ಮನ್ನು ದೂರಲಿಲ್ಲ. ಆ ಮೌನವೇ ನಮಗೆ ಹೆಚ್ಚಿನ ದಂಡವಾಯಿತು. ಅಂದಿನಿಂದ ನಾವು ಈ ವಿಷಯವನ್ನು ಬಲ್ಲವರಿಂದ ಕೇಳಿ, ಕಾಯಿದೆಯ ಪುಸ್ತಕಗಳನ್ನು ತಿರುವಿ, ಗೌಂಡಿಗಳ ಹಿಂದೆ ನಿಂತು ಕಲಿಯತೊಡಗಿದೆವು. ಕಲಿತುದನ್ನು ಇಲ್ಲಿ ಹೇಳುತ್ತಿದ್ದೇವೆ.

ಎರೆ ನೆಲದ ಸ್ವಭಾವ

ಮೊದಲು ನೆಲವನ್ನು ತಿಳಿಯಬೇಕು. ಧಾರವಾಡದ ಪಶ್ಚಿಮಕ್ಕೆ ಕೆಂಪು ನೆಲ ಹೆಚ್ಚು. ಅದನ್ನು ನಮ್ಮ ರೈತರು ಮಸಾರಿ ಎನ್ನುತ್ತಾರೆ. ಹುಬ್ಬಳ್ಳಿಯಿಂದ ನವಲಗುಂದ, ಗದಗಗಳ ಕಡೆಗೆ ನಡೆದಂತೆ ಕಪ್ಪು ಎರೆ ನೆಲ ಹರಡಿಕೊಂಡಿದೆ. ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿಯೂ ಇದೇ ನೆಲ ವಿಶೇಷ. ಹತ್ತಿಗೆ, ಜೋಳಕ್ಕೆ, ಕಡಲೆಗೆ ಇದು ತಾಯಿ. ಮನೆಗೆ ಮಾತ್ರ ಮಲತಾಯಿ. ಇದರಲ್ಲಿ ಮಾಂಟ್ಮೊರಿಲೊನೈಟ್ ಎಂಬ ಜೇಡಿಯ ಅಂಶವಿದೆ. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಅಡಿಗಟ್ಟಲೆ ಆಳಕ್ಕೆ ಬಾಯಿಬಿಡುವುದನ್ನು ಕಾಣದ ರೈತನಿಲ್ಲ. ಹೊಲದಲ್ಲಿ ಆಗುವುದೇ ಮನೆಯ ಅಡಿಯಲ್ಲಿಯೂ ಆಗುತ್ತದೆ. ಮನೆಯ ಒಂದು ಮೂಲೆ ಏಳುತ್ತದೆ, ಮತ್ತೊಂದು ಇಳಿಯುತ್ತದೆ. ನಡುವಣ ಗೋಡೆ ಸೀಳುತ್ತದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಹಸಿ ಮತ್ತು ಒಣಗುಗಳ ಈ ಆಟ ನಡೆಯುವ ಪದರವನ್ನು ದಾಟಿ ಪಾಯವನ್ನು ಇಳಿಸಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂತಹ ನೆಲಕ್ಕಾಗಿಯೇ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ಪದ್ಧತಿಯನ್ನು ರೂಪಿಸಿಕೊಟ್ಟಿದೆ. ಆಳವಾದ ಎರೆ ನೆಲದಲ್ಲಿ ಈ ಕಂಬಗಳು ಕನಿಷ್ಠ ೩.೫ ಮೀಟರ್ ಇಳಿಯಬೇಕೆಂಬುದು ನಿಯಮ. ಪಾಯದ ಮೇಲೆ ಮನೆಯ ಸುತ್ತ ಒಡ್ಯಾಣದಂತೆ ಹಾಯುವ ಪ್ಲಿಂತ್ ಬೀಮು, ಹೊರಗೋಡೆಯ ಬುಡಕ್ಕೆ ಮಳೆನೀರು ಇಂಗದಂತೆ ಇಳಿಜಾರಾದ ಕಲ್ಲುಹಾಸು, ಇವು ಉಳಿದ ರಕ್ಷಣೆಗಳು. ಆದುದರಿಂದ ಎರೆ ನೆಲದ ಮೇಲಿನ ಮನೆಯನ್ನು ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಬಾಗಿಲ ದಿಕ್ಕಿನದಲ್ಲ, ಪಾಯದ ಆಳದ್ದು. ಪಾಯ ಕಣ್ಣಿಗೆ ಕಾಣದು. ಆದರೆ ಕಟ್ಟಿಸಿದವರ ಬಳಿ ನಕಾಶೆಯಿರುತ್ತದೆ, ಕಟ್ಟಿದ ಗೌಂಡಿ ಊರಲ್ಲೇ ಇರುತ್ತಾನೆ.

ಕಾಯಿದೆಯ ಮಾತು

"ದೋಷವನ್ನು ಮುಚ್ಚಿ ಮಾರಿದರೆ ಕಾಯಿದೆ ಸುಮ್ಮನಿರುವುದೇ?" ಎಂದು ಹಲವರು ಕೇಳುತ್ತಾರೆ. ಸುಮ್ಮನಿರುವುದಿಲ್ಲ, ಆದರೆ ಅದು ಕೊಳ್ಳುವವನಿಂದಲೂ ಎಚ್ಚರವನ್ನು ನಿರೀಕ್ಷಿಸುತ್ತದೆ. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೫ನೆಯ ಕಲಮು ಹೀಗೆ ವಿಧಿಸುತ್ತದೆ: ಸ್ವತ್ತಿನಲ್ಲಿಯಾಗಲಿ ಅದರ ಹಕ್ಕಿನಲ್ಲಿಯಾಗಲಿ ಇರುವ ಮುಖ್ಯ ದೋಷವು ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ ಇದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದಂಥದಾಗಿದ್ದರೆ, ಅದನ್ನು ಮಾರುವವನು ತಿಳಿಸಲೇಬೇಕು. ತಿಳಿಸದಿದ್ದರೆ ಅದು ವಂಚನೆ.

ಇದರಲ್ಲಿ 'ಸಾಮಾನ್ಯ ಎಚ್ಚರಿಕೆ' ಎಂಬ ಎರಡು ಶಬ್ದಗಳನ್ನು ವಾಚಕರು ಗಮನಿಸಬೇಕು. ಕಣ್ಣಿಟ್ಟು ನೋಡಿದ್ದರೆ ಕಾಣುತ್ತಿದ್ದ ದೋಷವನ್ನು ನೋಡದೆ ಕೊಂಡವನಿಗೆ ಈ ಕಲಮಿನ ಆಸರೆ ಸಿಕ್ಕುವುದು ಕಠಿಣ. ಮಾಸ್ತರರ ಕಾಗದಗಳನ್ನು ನೋಡಿದ ವಕೀಲರು ಅದನ್ನೇ ಹೇಳಿದರು: "ಬಿರುಕು ಮುಚ್ಚಿ ಬಣ್ಣ ಬಳಿದದ್ದು ಮರೆಸಿದಂತೆಯೇ. ಆದರೆ ಎಂಜಿನಿಯರರನ್ನು ಕರೆದೊಯ್ದಿದ್ದರೆ ಗೊತ್ತಾಗುತ್ತಿತ್ತಲ್ಲವೆ, ಏಕೆ ಕರೆದೊಯ್ಯಲಿಲ್ಲ ಎಂದು ಎದುರಿನವರು ಕೇಳುತ್ತಾರೆ. ಏನು ಹೇಳುತ್ತೀರಿ?" ಆ ಪ್ರಶ್ನೆಗೆ ಉತ್ತರ ನಾವೇ ಆಗಿದ್ದೆವು. ಮೊಕದ್ದಮೆ ವರುಷಗಟ್ಟಲೆ ಎಳೆಯುವುದೆಂದು ಮಾಸ್ತರರು ಕೈಬಿಟ್ಟರು.

ಇನ್ನು ಎರಡು ತಪ್ಪು ನಂಬಿಕೆಗಳಿವೆ. ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಣಿಯಾಯಿತೆಂದರೆ ಸರಕಾರವೇ ಮನೆಯನ್ನು ನೋಡಿ ಒಪ್ಪಿದಂತೆ ಎಂದು ಕೆಲವರು ತಿಳಿಯುತ್ತಾರೆ. ಅಲ್ಲಿ ನೋಂದಣಿಯಾಗುವುದು ವ್ಯವಹಾರವೇ ಹೊರತು ಮನೆಯ ಗಟ್ಟಿತನವಲ್ಲ. ಬ್ಯಾಂಕಿನವರು ಸಾಲ ಕೊಡುವ ಮೊದಲು ತಮ್ಮ ಮೌಲ್ಯಮಾಪಕರನ್ನು ಕಳುಹಿಸುವುದುಂಟು. ಅವರು ನೋಡುವುದು ಸಾಲಕ್ಕೆ ತಕ್ಕ ಬೆಲೆ ಇದೆಯೇ ಎಂಬುದನ್ನು. ಸಾಲ ಮಂಜೂರಾದುದು ಮನೆ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ಪ್ರಮಾಣಪತ್ರವಲ್ಲ.

ಹೊಸ ಫ್ಲಾಟು ಕೊಳ್ಳುವವರಿಗೆ ಮಾತ್ರ ೨೦೧೬ರ ರೇರಾ ಕಾಯಿದೆ ಹೆಚ್ಚಿನ ಬಲ ಕೊಟ್ಟಿದೆ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳ ಒಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡುಬಂದು ಬಿಲ್ಡರನ ಗಮನಕ್ಕೆ ತಂದರೆ, ಆತ ೩೦ ದಿನಗಳಲ್ಲಿ ಬೇರೆ ಹಣ ಕೇಳದೆ ಸರಿಪಡಿಸಿಕೊಡಬೇಕು. ನೋಂದಾಯಿತ ಕರಾರುಪತ್ರವಾಗದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡವನ್ನು ಆತ ಕೇಳುವಂತಿಲ್ಲ. ಆದರೆ ಗೃಹಸ್ಥರು ಗೃಹಸ್ಥರಿಗೆ ಮಾರುವ ಹಳೆಯ ಮನೆಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಅಲ್ಲಿ ಕೊಳ್ಳುವವನ ಕಣ್ಣೇ ಅವನ ಕಾವಲು.

ನೋಡುವ ಕ್ರಮ

ಮಠದ ಪಾಠಶಾಲೆಯಲ್ಲಿ ನಾವು ತರ್ಕವನ್ನು ಓದುವಾಗ ಗುರುಗಳು ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳನ್ನು ಕಲಿಸಿದರು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ. ನಂಬತಕ್ಕವರ ಮಾತು ಶಬ್ದ. ನಂಬತಕ್ಕವನು ಯಾರು? ವಿಷಯವನ್ನು ಬಲ್ಲವನು, ಮರೆಮಾಚಲು ಕಾರಣವಿಲ್ಲದವನು. ಮಾರುವವನು ಎಷ್ಟೇ ಸಜ್ಜನನಾದರೂ ತನ್ನ ಮನೆಯ ಮಟ್ಟಿಗೆ ಈ ಎರಡನೆಯ ಲಕ್ಷಣವನ್ನು ಹೊಂದಿರಲಾರ. ಇಷ್ಟನ್ನು ಓದಿಯೂ ನಾವು ಆ ದಿನ ಮರೆತೆವು.

ಮನೆಯನ್ನು ಎರಡು ಬಾರಿಯಾದರೂ ನೋಡಬೇಕು. ಅವುಗಳಲ್ಲಿ ಒಂದು ಬಾರಿ ಮಳೆಗಾಲದಲ್ಲಾದರೆ ಉತ್ತಮ. ಹಗಲಿನ ಬೆಳಕಿನಲ್ಲಿಯೇ ನೋಡಬೇಕು. ಕೈಯಲ್ಲಿ ಟಾರ್ಚು, ಅಳತೆಯ ಟೇಪು, ಗೌಂಡಿಯ ತೂಗುಗುಂಡು, ಒಂದು ಸ್ಕ್ರೂಡ್ರೈವರು, ಮಕ್ಕಳಾಡುವ ಒಂದು ಗೋಲಿ, ಇಷ್ಟಿದ್ದರೆ ಸಾಕು.

ಮೊದಲನೆಯದು ಗೋಡೆ. ಬಿರುಕುಗಳೆಲ್ಲ ಒಂದೇ ಜಾತಿಯವಲ್ಲ. ಗಿಲಾವು ಒಣಗುವಾಗ ಜೇಡರಬಲೆಯಂತೆ ಮೂಡುವ ಕೂದಲೆಳೆಯ ಗೆರೆಗಳು ನಿರಪಾಯ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟವು, ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲಿನಂತೆ ಇಳಿದವು, ಗೋಡೆಯ ಒಳಗೂ ಹೊರಗೂ ಒಂದೇ ಸ್ಥಳದಲ್ಲಿ ಕಾಣುವವು, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದರಲ್ಲಿ ಕಿರಿದಾಗುವವು, ಇವು ಪಾಯ ಚಲಿಸಿದ ಗುರುತುಗಳು. ಒಂದು ಮಿಲಿಮೀಟರಿಗಿಂತ ಸಣ್ಣವನ್ನು ಗಮನದಲ್ಲಿಟ್ಟರೆ ಸಾಕು. ಐದು ಮಿಲಿಮೀಟರನ್ನು ಮೀರಿದರೆ ಎಂಜಿನಿಯರರ ಮಾತು ಕೇಳದೆ ಮುಂದುವರಿಯಬಾರದು. ಬಿರುಕಿನ ಅಡ್ಡಕ್ಕೆ ಗಾಜಿನ ತೆಳುಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿ ದಿನಾಂಕ ಬರೆದಿಡುವುದು ಹಳೆಯ ಉಪಾಯ. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ.

ಒಂದು ಕೋಣೆಗೆ ಮಾತ್ರ, ಅಥವಾ ಗೋಡೆಯ ಒಂದು ಭಾಗಕ್ಕೆ ಮಾತ್ರ ಹೊಸ ಬಣ್ಣವಾಗಿದ್ದರೆ ಕಾರಣ ಕೇಳಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ಟಾರ್ಚನ್ನು ಗೋಡೆಗೆ ಅಂಟಿಸಿದಂತೆ ಹಿಡಿದು ಓರೆ ಬೆಳಕು ಬಿಟ್ಟರೆ, ತುಂಬಿ ನಯಮಾಡಿದ ಬಿರುಕಿನ ಏರುತಗ್ಗು ನೆರಳಿನಲ್ಲಿ ತೋರುತ್ತದೆ. ಎಲ್ಲ ಬಾಗಿಲುಗಳನ್ನೂ ತೆರೆದು ಮುಚ್ಚಿ ನೋಡಬೇಕು. ನೆಲದ ಮೇಲೆ ಗೋಲಿಯನ್ನು ಬಿಡಬೇಕು. ಬಚ್ಚಲಿನ ನೆಲ ಇಳಿಜಾರಾಗಿರಬೇಕಾದುದು ಸಹಜ. ಪಡಸಾಲೆಯ ನಡುವೆ ಬಿಟ್ಟ ಗೋಲಿ ತಾನಾಗಿ ಒಂದು ಮೂಲೆಗೆ ಓಡಿದರೆ ಅದು ಏನನ್ನೋ ಹೇಳುತ್ತಿದೆ.

ಎರಡನೆಯದು ತೇವ. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಹುಡಿಹುಡಿಯಾಗಿ ಮೂಡಿದ್ದರೆ, ಸುಮಾರು ಮೊಣಕಾಲಿನಿಂದ ಸೊಂಟದವರೆಗೆ ಬಣ್ಣ ಎದ್ದು ಉದುರುತ್ತಿದ್ದರೆ, ಪಾಯದ ಮೇಲೆ ಹಾಕಬೇಕಾಗಿದ್ದ ತೇವ ತಡೆಯುವ ಪದರವನ್ನು ಹಾಕಿಲ್ಲ, ಅಥವಾ ಅದು ಕೆಟ್ಟಿದೆ ಎಂದು ಊಹಿಸಬಹುದು. ಬಚ್ಚಲು, ಶೌಚಾಲಯಗಳ ಹಿಂಬದಿಯ ಗೋಡೆಯನ್ನು ಮರೆಯದೆ ನೋಡಬೇಕು. ಒಳಗಿನ ಸೋರಿಕೆ ಹೊರಮೈಯಲ್ಲಿ ಬಯಲಾಗುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದ ದೊಡ್ಡ ಬೀರುವನ್ನು ಸರಿಸಿ ನೋಡಲು ವಿನಯದಿಂದ ಕೇಳಬೇಕು. ಚೌಕಟ್ಟುಗಳ ಬುಡದಲ್ಲಿ ಮಣ್ಣಿನ ಸಣ್ಣ ನಾಳಗಳಿದ್ದರೆ ಗೆದ್ದಲು ಬಂದಿದೆ. ಸ್ಕ್ರೂಡ್ರೈವರಿನಿಂದ ಒತ್ತಿದಾಗ ಕಟ್ಟಿಗೆ ಮೆತ್ತಗೆ ಒಳಸರಿದರೆ ಒಳಗೆಲ್ಲ ಟೊಳ್ಳು.

ಮೂರನೆಯದು ಮಾಳಿಗೆ. ಮನೆ ನೋಡಲು ಹೋದವರಲ್ಲಿ ಮಾಳಿಗೆ ಹತ್ತುವವರು ಕಡಿಮೆ. ಆದರೆ ಮನೆಯ ಆರೋಗ್ಯ ಅಲ್ಲಿಯೇ ತಿಳಿಯುವುದು. ನೀರು ಹರಿದುಹೋಗಲು ಇಳಿಜಾರು ಇದೆಯೇ, ಕೊಳವೆಯ ಬಾಯಿ ತೆರೆದಿದೆಯೇ, ನೀರಿನ ಟಾಕಿ ಕುಳಿತಿರುವುದು ಗೋಡೆಯ ಮೇಲೋ ಬರಿಯ ಸ್ಲ್ಯಾಬಿನ ಮೇಲೋ, ಇವನ್ನು ನೋಡಬೇಕು. ಸಂದೇಹವಿದ್ದರೆ ಕೊಳವೆಯ ಬಾಯಿ ಮುಚ್ಚಿ ಒಂದೆರಡು ಅಂಗುಲ ನೀರು ಕಟ್ಟಿ ಒಂದು ದಿನ ಬಿಟ್ಟು ಕೆಳಗೆ ಪರೀಕ್ಷಿಸಬಹುದು. ಕೆಳಗಿನಿಂದ ನೋಡುವಾಗ ಛಾವಣಿಯಲ್ಲಿ ತುಕ್ಕಿನ ಕೆಂಪು ಕಲೆ ಇದ್ದರೆ, ಕಾಂಕ್ರೀಟಿನ ಚಕ್ಕೆ ಉದುರಿ ಕಬ್ಬಿಣದ ಸಲಾಕೆ ಕಾಣುತ್ತಿದ್ದರೆ, ಅದು ಬಣ್ಣದಿಂದ ವಾಸಿಯಾಗುವ ರೋಗವಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಒಡೆದ ಸಂದಿನಿಂದ ಇನ್ನಷ್ಟು ನೀರು ಇಳಿದು ತುಕ್ಕು ಹೆಚ್ಚುತ್ತದೆ.

ಮೂಲ ಮನೆಯ ಮೇಲೆ ಅನಂತರ ಮಹಡಿ ಏರಿಸಿದ್ದರೆ, ಪಾಯವನ್ನು ಅಷ್ಟು ಭಾರಕ್ಕೆ ಕಟ್ಟಲಾಗಿತ್ತೇ ಎಂದು ಕೇಳಬೇಕು. ಮಂಜೂರಾದ ನಕಾಶೆಯಲ್ಲಿ ಎಷ್ಟು ಮಹಡಿಗಳಿವೆಯೆಂದು ಎಣಿಸಬೇಕು. ೨೦೧೯ರ ಮಾರ್ಚ್ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು ಹದಿನೈದಕ್ಕೂ ಹೆಚ್ಚು ಜನರು ಮಡಿದುದನ್ನು ಈ ಭಾಗದವರು ಮರೆತಿಲ್ಲ, ಮರೆಯಲೂ ಬಾರದು. ಕಟ್ಟಡದ ಬಲವನ್ನು ಹೊರಗಿನ ಅಂದದಿಂದ ಅಳೆಯಲಾಗದು.

ನಾಲ್ಕನೆಯದು ವಿದ್ಯುತ್ತು. ಮೀಟರಿನ ಬಳಿ ಅರ್ಥಿಂಗ್ ಗುಂಡಿ ಇದೆಯೇ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಎಂಬ ಉಪಕರಣ ಇದೆಯೇ ಎಂದು ನೋಡಬೇಕು. ಮನುಷ್ಯರ ಪ್ರಾಣರಕ್ಷಣೆಗೆ ಅದು ೩೦ ಮಿಲಿಆಂಪಿಯರಿನದಾಗಿರಬೇಕು. ಅದರ ಮೇಲೆ ಪರೀಕ್ಷೆಯ ಗುಂಡಿ ಇರುತ್ತದೆ. ಒತ್ತಿದೊಡನೆ ವಿದ್ಯುತ್ತು ನಿಲ್ಲಬೇಕು. ಸ್ವಿಚ್ಚುಗಳ ಸುತ್ತ ಸುಟ್ಟ ಕಲೆ ಇದ್ದರೆ ಮನೆಯ ತಂತಿಗಳನ್ನೆಲ್ಲ ಬಲ್ಲವರಿಗೆ ತೋರಿಸಬೇಕು. ಹಸಿ ಕೈಯಿಂದ ಬಚ್ಚಲ ಗೀಸರಿನ ಸ್ವಿಚ್ಚು ಹಾಕುವವರು ನಮ್ಮ ತಾಯಂದಿರು, ಸೊಸೆಯಂದಿರು. ಅವರ ಜೀವದ ಪ್ರಶ್ನೆ ಇದು.

ಐದನೆಯದು ನೀರು. ಎಲ್ಲ ನಳಗಳನ್ನೂ ಒಮ್ಮೆಗೇ ತೆರೆದು ಒತ್ತಡ ನೋಡಬೇಕು. ಬಚ್ಚಲಿಗೆ ಎರಡು ಕೊಡ ನೀರು ಸುರಿದು ಎಷ್ಟು ಬೇಗ ಇಳಿಯುವುದೆಂದು ನೋಡಬೇಕು. ಕೊಳಚೆ ಹೋಗುವುದು ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ, ಟ್ಯಾಂಕು ಕೊಳವೆಬಾವಿಯ ಸಮೀಪದಲ್ಲಿದೆಯೋ ಎಂದು ಕೇಳಬೇಕು. ಕೊಳವೆಬಾವಿಯ ಮೋಟಾರನ್ನು ಒಂದು ತಾಸು ಓಡಿಸಿ ನೋಡುವುದು ಲೇಸು. ಅದೂ ಏಪ್ರಿಲ್, ಮೇ ತಿಂಗಳಿನಲ್ಲಾದರೆ ನಿಜ ತಿಳಿಯುತ್ತದೆ. ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಗಡಸುತನ, ಫ್ಲೋರೈಡುಗಳನ್ನು ತಿಳಿಯಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಫ್ಲೋರೈಡು ಲೀಟರಿಗೆ ೧ ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ ೧.೫ರವರೆಗೆ ಸಹಿಸಬಹುದು. ಮಕ್ಕಳ ಹಲ್ಲು, ಹಿರಿಯರ ಎಲುಬು ಇದನ್ನು ಅವಲಂಬಿಸಿವೆ.

ನೆರೆಯವರು ಮತ್ತು ಕಾಗದಗಳು

ಮನೆಯಲ್ಲಿ ಕಾಣದುದನ್ನು ನೆರೆಯವರು ಹೇಳುತ್ತಾರೆ. ಜೋರು ಮಳೆ ಬಂದಾಗ ಗಟಾರ ಉಕ್ಕಿ ಓಣಿಗೆ ಬರುವುದೇ, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಈ ಮನೆಯ ಬಿರುಕನ್ನು ಯಾವಾಗ ಮುಚ್ಚಿಸಿದರು, ಇವೆಲ್ಲ ಎದುರುಮನೆಯ ಅಜ್ಜಿಗೆ ತಿಳಿದಿರುತ್ತವೆ. ಮಲಪ್ರಭೆ, ಕೃಷ್ಣೆಯರ ದಂಡೆಯ ಊರುಗಳಲ್ಲಿ ಕೊಳ್ಳುವವರು ೨೦೦೯ರಲ್ಲಿ ಮತ್ತು ೨೦೧೯ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳದೆ ಸಂಚಕಾರ ಕೊಡಬಾರದು.

ಕಾಗದಗಳ ಪರೀಕ್ಷೆ ವಕೀಲರ ಕೆಲಸ. ಅದು ಬೇರೊಂದು ಲೇಖನದ ವಿಷಯ. ಕಟ್ಟಡಕ್ಕೆ ಸಂಬಂಧಿಸಿದಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇವೆ. ಖರೀದಿ ಪತ್ರದಲ್ಲಿ ಬರೆದ ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು, ನಿವೇಶನವನ್ನು ಟೇಪಿನಿಂದ ಅಳೆದು ತಾಳೆ ನೋಡಬೇಕು. ಮಂಜೂರಾದ ನಕಾಶೆಯನ್ನೂ ನಿಂತಿರುವ ಮನೆಯನ್ನೂ ಹೋಲಿಸಬೇಕು. ಹೊಸ ಕಟ್ಟಡವಾದರೆ ವಾಸಯೋಗ್ಯ ಪ್ರಮಾಣಪತ್ರವನ್ನು ಕೇಳಬೇಕು. ೨೦೨೪ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಬಗೆಯ ಪ್ರಮಾಣಪತ್ರವನ್ನು ಪರಿಶೀಲಿಸಿದ ಮೇಲೆಯೇ ಬ್ಯಾಂಕುಗಳು ಸಾಲ ಕೊಡಬೇಕು, ವಿದ್ಯುತ್ತು ನೀರುಗಳ ಸಂಪರ್ಕ ಕೊಡಬೇಕು ಎಂದು ನಿರ್ದೇಶಿಸಿತು. ಇನ್ನೊಂದು ಮಾತು: ಮಾರುವವರದು ಪಿತ್ರಾರ್ಜಿತ ಮನೆಯಾಗಿದ್ದರೆ ಮನೆಯ ಹೆಣ್ಣುಮಕ್ಕಳ ಒಪ್ಪಿಗೆಯನ್ನು ವಿಚಾರಿಸಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿ ತನ್ನ ವ್ಯಾಪ್ತಿಯೊಳಗೆ ಸೇರಿಸಿದೆ. ಆ ಕಾಯಿದೆಯ ೨೦೦೫ರ ತಿದ್ದುಪಡಿಯಂತೆ ಮಗಳೂ ಮಗನಂತೆಯೇ ಹುಟ್ಟಿನಿಂದ ಪಾಲುದಾರಳು. ಮನೆಯ ಬಿರುಕನ್ನು ಗೌಂಡಿ ಮುಚ್ಚಬಲ್ಲ; ಹಕ್ಕಿನ ಬಿರುಕನ್ನು ಮುಚ್ಚುವುದು ಅಷ್ಟು ಸುಲಭವಲ್ಲ.

ಬಲ್ಲವರನ್ನು ಕರೆಯುವುದು

ಇಂಗ್ಲೆಂಡ್, ಅಮೆರಿಕಗಳಲ್ಲಿ ಮನೆಯನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಿ ವರದಿ ಬರೆದುಕೊಡುವುದೇ ಒಂದು ಪ್ರತ್ಯೇಕ ವೃತ್ತಿ. ನಮ್ಮಲ್ಲಿ ದೊಡ್ಡ ನಗರಗಳಲ್ಲಿ ಮಾತ್ರ ಈಗೀಗ ಅದು ಕಾಲೂರುತ್ತಿದೆ. ಉಳಿದ ಊರುಗಳಲ್ಲಿ ಮಾರುವವರ ಜೊತೆಗೂ ಏಜೆಂಟರ ಜೊತೆಗೂ ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರರನ್ನು, ಅನುಭವವುಳ್ಳ ಒಬ್ಬ ಗೌಂಡಿಯನ್ನು, ಒಬ್ಬ ವಿದ್ಯುತ್ ಕೆಲಸಗಾರನನ್ನು ನಾವೇ ಕರೆದೊಯ್ಯಬೇಕು. ಅವರ ಸಂಭಾವನೆಯನ್ನು ನಾವೇ ಕೊಡಬೇಕು, ಮಾರುವವರಿಂದ ಕೊಡಿಸಬಾರದು. ಕಂಡದ್ದನ್ನು ಬರೆಹದಲ್ಲಿ ಪಡೆಯಬೇಕು.

ಇದೆಲ್ಲ ಸಂಚಕಾರಕ್ಕೆ ಮೊದಲೇ ಆಗಬೇಕು. ಹಣ ಕೈಬಿಟ್ಟ ಮೇಲೆ ಕಣ್ಣು ತೆರೆದು ಫಲವಿಲ್ಲ. ಮೊದಲೇ ಮುಂಗಡ ಕೊಡುವುದು ಅನಿವಾರ್ಯವಾದರೆ, ಪರೀಕ್ಷೆಯಲ್ಲಿ ಪಾಯ, ಛಾವಣಿಗಳ ದೊಡ್ಡ ದೋಷ ಕಂಡರೆ ಮುಂಗಡವನ್ನು ಹಿಂದಿರುಗಿಸತಕ್ಕದ್ದು ಎಂಬ ವಾಕ್ಯವನ್ನು ಸಂಚಕಾರ ಪತ್ರದಲ್ಲಿಯೇ ಬರೆಸಬೇಕು. ಸಣ್ಣ ದೋಷಗಳಿಗೆ ಮೂರು ದಾರಿಗಳಿವೆ: ಮಾರುವವರೇ ದುರಸ್ತಿ ಮಾಡಿಸಿಕೊಡುವುದು, ಬೆಲೆಯನ್ನು ಇಳಿಸುವುದು, ಇಲ್ಲವೆ ಸ್ವಲ್ಪ ಹಣವನ್ನು ದುರಸ್ತಿಯಾಗುವವರೆಗೆ ತಡೆದಿರಿಸುವುದು. ಯಾವುದಾದರೂ ಆಗಲಿ, ಬಾಯಿಮಾತಿನಲ್ಲಿ ಉಳಿಯಬಾರದು. ದೋಷವಿಲ್ಲದ ಮನೆ ಎಲ್ಲಿಯೂ ಸಿಕ್ಕದು. ಪರೀಕ್ಷೆಯ ಉದ್ದೇಶ ದೋಷವನ್ನು ತಿಳಿದು, ಅದರ ಖರ್ಚನ್ನು ಎಣಿಸಿ, ಒಪ್ಪಿಗೆಯಾದರೆ ಕೊಳ್ಳುವುದು.

ಕೇಳುವುದು ಅವಮಾನವಲ್ಲ

೨೦೨೩ರಲ್ಲಿ ನಮ್ಮ ತಮ್ಮನ ಮಗ ಧಾರವಾಡದಲ್ಲಿ ಒಂದು ಹಳೆಯ ಮನೆಯನ್ನು ಗೊತ್ತುಮಾಡಿದ. "ದೊಡ್ಡಪ್ಪಾ, ನೀವೂ ಬರ್ರಿ" ಎಂದ. ನಾವು ಬರುವೆವು, ಆದರೆ ಮಾಸ್ತರರನ್ನೂ ಒಬ್ಬ ಎಂಜಿನಿಯರರನ್ನೂ ಕರೆದುಕೊಂಡೇ ಬರುವೆವು ಎಂದೆವು. ಮಾಸ್ತರರು ಜೇಬಿನಲ್ಲಿ ಗೋಲಿ, ಕೈಯಲ್ಲಿ ಟಾರ್ಚು ಹಿಡಿದು ಬಂದರು. ಗಣಿತದ ಮಾಸ್ತರರಾದುದರಿಂದ ಒಂದು ಪಟ್ಟಿಯನ್ನೂ ಬರೆದು ತಂದಿದ್ದರು. ಮಾರುವವರು ವೃದ್ಧ ದಂಪತಿ. ನಾವು ಕೈಮುಗಿದು, "ಯಜಮಾನರ, ತಪ್ಪು ತಿಳೀಬ್ಯಾಡ್ರಿ, ಹುಡುಗ ಸಾಲಾ ಮಾಡಿ ತೊಗೊಳ್ಳಾಕತ್ತಾನ, ಒಂದೀಟು ಎಲ್ಲಾ ನೋಡ್ತೀವಿ" ಎಂದೆವು. ಯಜಮಾನರು ಎದ್ದುಹೋಗಿ ಕಪಾಟಿನಿಂದ ಹಳೆಯ ನಕಾಶೆಯನ್ನು ತಂದು ಹರವಿದರು. "ನೋಡ್ರಿ, ನೋಡಬೇಕು. ನಾ ಕಟ್ಟಸಿದ್ದು ಮುಚ್ಚಿಡೂ ಅಂಥಾದ್ದಲ್ಲ. ಹಿತ್ತಲದ ಕೋಣಿ ಮಾಳಗಿ ಸೋರತೈತಿ, ಅದನ್ನ ನಾನ ಹೇಳತೇನಿ" ಎಂದರು.

ಒಂದು ತಾಸು ನೋಡಿದೆವು. ಪಾಯ ಮಸಾರಿ ನೆಲದ ಮೇಲೆ ಗಟ್ಟಿಯಾಗಿತ್ತು. ಹಿತ್ತಲ ಕೋಣೆಯ ಸ್ಲ್ಯಾಬು, ಅರ್ಥಿಂಗು, ಒಂದು ಚೌಕಟ್ಟಿನ ಗೆದ್ದಲು, ಇವು ಪಟ್ಟಿಗೆ ಸೇರಿದವು. ಬೆಲೆ ಅದಕ್ಕೆ ತಕ್ಕಂತೆ ಇಳಿಯಿತು. ಎರಡೂ ಕಡೆಯವರು ಪ್ರಸನ್ನರಾಗಿ ಎದ್ದೆವು. ಆ ವೃದ್ಧ ದಂಪತಿ ಇಂದಿಗೂ ಹುಡುಗನ ಮನೆಗೆ ಬಂದು ಹೋಗುತ್ತಾರೆ.

ಐದು ವರ್ಷಗಳ ಹಿಂದೆ ನಾವು ಅವಮಾನವೆಂದು ಅಂಜಿದುದು ಇಷ್ಟಕ್ಕೇ! ಪ್ರಾಮಾಣಿಕನಾದ ಮಾರಾಟಗಾರನಿಗೆ ಪರೀಕ್ಷೆಯಿಂದ ಹಾನಿಯಿಲ್ಲ, ಗೌರವವಿದೆ. ಪರೀಕ್ಷೆಗೆ ಮುನಿಯುವವನ ಮನೆಯನ್ನು ಎರಡು ಬಾರಿ ಪರೀಕ್ಷಿಸಬೇಕು. ನಮ್ಮವರೆಂಬ ಅಭಿಮಾನ ಒಳ್ಳೆಯದೇ. ಆದರೆ ಅದು ಕಣ್ಣಿಗೆ ಕಟ್ಟಿದ ಬಟ್ಟೆಯಾದರೆ, ನಾಳೆ ದೋಷ ಕಂಡ ದಿನ ಹಣದ ಜೊತೆಗೆ ನಂಟೂ ಮುರಿಯುತ್ತದೆ. ಮೊದಲೇ ಕೇಳಿ ನೋಡಿದ ವ್ಯವಹಾರದಲ್ಲಿ ನಂಟು ಉಳಿಯುತ್ತದೆ.

ಮನೆಯನ್ನು ಮಾರುವ ವಾಚಕರಿಗೂ ಒಂದು ವಿನಂತಿ. ಕೊಳ್ಳುವವರು ಕೇಳದಿದ್ದರೂ ದೋಷವನ್ನು ನೀವೇ ಹೇಳಿಬಿಡಿ. ಬೆಲೆಯಲ್ಲಿ ಕೆಲವು ಸಾವಿರ ಕಡಿಮೆಯಾಗಬಹುದು. ಆ ಮನೆಯಲ್ಲಿ ಮುಂದೆ ಬಾಳುವವರ ಬಾಯಲ್ಲಿ ನಿಮ್ಮ ಹೆಸ�ರು ಕೆಡುವುದಿಲ್ಲ.

ಆ ದಿನ ಹಿಂದಿರುಗುವಾಗ ನಾವು ಮಾಸ್ತರರಿಗೆ, "ಅವತ್ತ ನಿಮ್ಮ ಮಾತು ಕೇಳಬೇಕಾಗಿತ್ರಿ" ಎಂದೆವು. ಐದು ವರ್ಷಗಳಲ್ಲಿ ಆ ಮಾತನ್ನು ನಾವು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅವರು ಗೋಲಿಯನ್ನು ಜೇಬಿಗೆ ಹಾಕಿಕೊಂಡು, "ಇವತ್ತ ಕೇಳಿದ್ರೆಲ್ಲ, ಸಾಕು ಬಿಡ್ರಿ" ಎಂದು ನಕ್ಕರು.